ಏಳನೆಯ ಸಲಹೆ

ಸಲಹೆ ಕೊಡಿ ಎಂದು ಕೇಳುವವರಲ್ಲಿ ಎರಡು ಬಗೆ. ಕೇಳಿ ಕಸದ ಬುಟ್ಟಿಗೆ ಹಾಕುವವರು ಒಂದು ಬಗೆ. ಕೇಳಿ, ಹೇಳಿದ್ದನ್ನು ಹಾಗೇ ಮಾಡಿಬಿಡುವವರು ಇನ್ನೊಂದು ಬಗೆ. ಮೊದಲನೆಯವರಿಂದ ಯಾರಿಗೂ ತೊಂದರೆ ಇಲ್ಲ. ಆಂಜಿನಮ್ಮನ ಗ್ರಹಚಾರ, ಅವಳಿಗೆ ಎರಡನೆಯವರು ಸಿಕ್ಕಿದರು.

ತೊಂಬತ್ತೊಂಬತ್ತನೇ ಇಸವಿಯ ಮಾತು. ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನರಸಿಂಹಪ್ಪನವರ ಪ್ರೆಸ್ಸು. ಮದುವೆ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು ಅಚ್ಚು ಹಾಕಿಕೊಂಡು ಇಪ್ಪತ್ತು ವರ್ಷ ಬದುಕಿದ್ದ ಮನುಷ್ಯ, ಇನ್ನು ಇದರಲ್ಲಿ ಕಾಲ ಹಾಕುವುದು ಕಷ್ಟ ಎಂದು ಕಂಪ್ಯೂಟರು ತಂದಿದ್ದರು. ಕಂಪ್ಯೂಟರಿನ ಹಿಂದೆಯೇ ಬೆಂಗಳೂರಿನ ಕಂಪನಿಯೊಂದು ಬಂತು. ಅದರ ವೆಬ್‌ಸೈಟಿನ ಹೆಸರು ‘ಊರಬಾಗಿಲು’. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಎಂದು ಊರಿಗೊಂದು ಅಂಗಡಿ ಹಿಡಿದು, ಆಯಾ ಊರಿನ ಮದುವೆ, ಗೃಹಪ್ರವೇಶ, ಟೊಮೆಟೊ ರೇಟು, ರೇಷ್ಮೆಗೂಡಿನ ರೇಟು ಎಲ್ಲವನ್ನೂ ಅದಕ್ಕೆ ಹಾಕಿಸುವುದು ಅವರ ಕಸುಬು. ವೆಬ್‌ಸೈಟು ಅಂದರೇನು ಎಂದು ಚಿಂತಾಮಣಿಯಲ್ಲಿ ಆಗ ನಾಲ್ಕು ಜನಕ್ಕೆ ಗೊತ್ತಿದ್ದರೆ ಹೆಚ್ಚು. ಆದರೆ ನಮ್ಮ ಮನೆಯ ಕಾರ್ಯದ ಕಾರ್ಡನ್ನು ಬೆಂಗಳೂರಿನ ನೆಂಟರು ಆಫೀಸಿನಲ್ಲಿ ಕೂತೇ ನೋಡುತ್ತಾರಂತೆ ಎಂದರೆ ಯಾರಿಗೆ ತಾನೇ ಬೇಡ? ಆ ಪುಟವನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದವರೂ ಇದ್ದರು.

ಈ ಪುಟಗಳನ್ನೆಲ್ಲ ಮಾಡುತ್ತಿದ್ದವಳು ಆಂಜಿನಮ್ಮ. ಇಪ್ಪತ್ತನಾಲ್ಕು ವರ್ಷ, ಬಿ.ಎ. ಪಾಸು, ಕಂಪ್ಯೂಟರ್ ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದು. ಚಿಂತಾಮಣಿಯಿಂದ ಐದು ಮೈಲಿ ಆಚೆಯ ಚಿನ್ನಪ್ಪನಕುಂಟೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಪ್ರೆಸ್ಸಿನಲ್ಲಿ ಇನ್ನೊಬ್ಬನಿದ್ದ, ವೆಂಕಟೇಶ್, ನರಸಿಂಹಪ್ಪನವರ ಹೆಂಡತಿಯ ತಮ್ಮ. ಅವನೂ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಕೂರುತ್ತಿದ್ದ ಅಷ್ಟೆ, ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ಜನ ನೋಡುವ ಪುಟದ ಹಿಂದೆ, ಕೆಲಸ ಮಾಡುವವರಿಗೆಂದೇ ಒಳಗಿನ ಪುಟ ಒಂದಿತ್ತು. ಪಾಸ್‌ವರ್ಡ್ ಹೊಡೆದು ಒಳಗೆ ಹೋಗಿ, ಬರೆದು, ಹೊರಗೆ ಬಿಡಬೇಕು. ಅದನ್ನು ಕಟ್ಟಿದ ಪುಣ್ಯಾತ್ಮ ಒಂದು ದಿನವಾದರೂ ಅಲ್ಲಿ ಕೂತು ಕೆಲಸ ಮಾಡಿದವನಲ್ಲ. ‘ಪ್ರಕಟಿಸು’ ಬಟನ್ನಿಗೆ ಅಂಟಿಕೊಂಡೇ ‘ಅಳಿಸು’ ಬಟನ್ನು. ಫೋನ್ ಲೈನ್ ಕಟ್ ಆಯಿತೋ, ಬರೆದಿದ್ದೆಲ್ಲ ಗೋವಿಂದ. ಎಲ್ಲಕ್ಕಿಂತ ದೊಡ್ಡ ಅವಾಂತರ ಅಂದರೆ ಅಂಗಡಿಗೆ ಒಂದೇ ಪಾಸ್‌ವರ್ಡು. ಯಾರೇ ಬರೆದರೂ, ಏನೇ ಬರೆದರೂ ಒಳಗಿನ ಪುಟ ತೋರಿಸುತ್ತಿದ್ದುದು ಒಂದೇ ಮಾತು: ‘ಬರೆದವರು: ಅಡ್ಮಿನ್’.

ಆ ಅಡ್ಮಿನ್ ಅನ್ನುವ ಮಹಾನುಭಾವ ಒಂದು ದಿನ ಚಿಂತಾಮಣಿಯ ರೇಷ್ಮೆ ನೂಲು ತೆಗೆಸುವ ರೀಲರ್ ಒಬ್ಬರ ಮಗಳ ಮದುವೆಯ ಮುಹೂರ್ತವನ್ನು ಒಂಬತ್ತೂವರೆಯ ಬದಲು ಹತ್ತೂವರೆ ಎಂದು ಬರೆದುಬಿಟ್ಟ. ಬೆಂಗಳೂರಿನ ನೆಂಟರು ಅದನ್ನೇ ನಂಬಿಕೊಂಡು ಹೊರಟು, ತಾಳಿ ಕಟ್ಟಿ ಆದ ಮೇಲೆ ಛತ್ರದ ಮೆಟ್ಟಿಲು ಹತ್ತಿದರು. ಅವರಲ್ಲಿ ಹುಡುಗಿಯ ಸೋದರಮಾವನೂ ಇದ್ದ. ಸೋದರಮಾವನಿಲ್ಲದೆ ಹೆಣ್ಣನ್ನು ಮಂಟಪಕ್ಕೆ ಕರೆತಂದದ್ದೆಂದರೆ ಸಣ್ಣ ಮಾತೇ? ಮರುದಿನ ಬೆಳಿಗ್ಗೆ ಆರು ಜನ ಪ್ರೆಸ್ಸಿಗೆ ನುಗ್ಗಿದರು.

“ಏನಮ್ಮ, ಕಣ್ಣು ಎಲ್ಲಿಕ್ಕೊಂಡು ಕೆಲ್ಸ ಮಾಡ್ತೀಯ?” ನರಸಿಂಹಪ್ಪನವರು ಅವರ ಎದುರಿಗೇ ಆಂಜಿನಮ್ಮನ ಮೇಲೆ ಎಗರಿದರು. “ಬಿ.ಎ. ಓದಿದೀನಿ ಅಂತೀಯ, ಒಂಬತ್ತಕ್ಕೂ ಹತ್ತಕ್ಕೂ ವ್ಯತ್ಯಾಸ ಗೊತ್ತಾಗಲ್ವಾ?”

“ಅದು ನಾನು ಮಾಡಿದ್ದಲ್ಲ ಸಾರ್.”

“ಇನ್ಯಾರು, ನಮ್ಮಪ್ಪ ಬಂದು ಮಾಡಿದ್ನಾ?”

ವೆಂಕಟೇಶ್ ಉಗುರು ನೋಡಿಕೊಳ್ಳುತ್ತ ನಿಂತಿದ್ದ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಮೇಕೆಗೆ ಮಾತು ಬರುವುದಿಲ್ಲ, ಪಾಪ, ಆಂಜಿನಮ್ಮನಿಗೆ ಬರುತ್ತಿತ್ತು. ಆದರೆ ಸಾಕ್ಷಿ ಎಲ್ಲಿಂದ ತರುವುದು? ಅಡ್ಮಿನ್ ಎಂದರೆ ಯಾರೂ ಆಗಬಹುದು. ಯಾರೂ ಆಗಬಹುದು ಎಂದರೆ ಯಾರ ಮೇಲೆ ಹಾಕಿದರೆ ಕೇಳುವವರಿಲ್ಲವೋ ಅವರೇ. ಆರು ಜನರ ಮುಂದೆ ಕೈಮುಗಿದು ತಪ್ಪಾಯಿತು ಎಂದಳು.

ಮುಂದಿನ ತಿಂಗಳು ಕಂಪನಿಯವರು ನಾಲ್ಕು ಊರಿನವರನ್ನೂ ಚಿಕ್ಕಬಳ್ಳಾಪುರದ ಒಂದು ಲಾಡ್ಜಿಗೆ ಕರೆದರು. ಒಳಗಿನ ಪುಟವನ್ನು ಹೊಸದಾಗಿ ಕಟ್ಟುತ್ತೇವೆ, ನಿಮ್ಮ ಸಲಹೆ ಬೇಕು ಎಂದು. ವೆಂಕಟೇಶನಿಗೆ ಬಸ್ಸಿನಲ್ಲಿ ಹೋಗಲು ಸೋಮಾರಿತನ, ಆಂಜಿನಮ್ಮ ಹೋದಳು. ಗೌರಿಬಿದನೂರಿನ ಮುದ್ದಪ್ಪ, ಪುಟದ ಸುತ್ತ ಗುಲಾಬಿ ಹೂವಿನ ಬಾರ್ಡರ್ ಬೇಕು ಎಂದ. ಶಿಡ್ಲಘಟ್ಟದವರು, ಗೂಡಿನ ರೇಟು ಹಾಕಲು ನಾಲ್ಕು ಕಡೆ ಒತ್ತಬೇಕು, ಸಾಕಾಗಿಹೋಗಿದೆ ಎಂದರು. ಚಿಕ್ಕಬಳ್ಳಾಪುರದವರು ಊಟ ಯಾವಾಗ ಎಂದು ಕೇಳಿದರು. ಆಂಜಿನಮ್ಮ ಎರಡು ಹಾಳೆ ಬರೆದುಕೊಂಡು ಹೋಗಿದ್ದಳು, ಎಂಟು ಸಲಹೆ. ಏಳನೆಯದು ಹೀಗಿತ್ತು: ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಕೊಡಿ. ಪುಟವನ್ನು ಯಾರು ಮಾಡಿದರೋ ಅವರ ಹೆಸರು ಅದರ ಕೆಳಗೆ ಬರಲಿ. ಒಂದು ಸಲ ಬಂದ ಹೆಸರನ್ನು ಆಮೇಲೆ ಯಾರೂ ತಿದ್ದಲು ಆಗಬಾರದು.

“ಎಕ್ಸಲೆಂಟ್ ಮೇಡಂ,” ಎಂದರು ಕಂಪನಿಯ ಮ್ಯಾನೇಜರು. “ಇದು ನಮಗ್ಯಾಕೆ ಹೊಳೀಲಿಲ್ಲ?”

ಹುಟ್ಟಿದಾಗಿನಿಂದ ಅವಳನ್ನು ಯಾರೂ ಮೇಡಂ ಎಂದಿರಲಿಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಒಬ್ಬಳೇ ನಗುತ್ತಿದ್ದಳು. ಹೆಸರಿಗೆ ಆಸೆ ಪಡಬಾರದು ಎನ್ನುತ್ತಾರಲ್ಲ, ಹಾಗನ್ನುವವರೆಲ್ಲ ಆಗಲೇ ಹೆಸರಿರುವವರು. ಅವಳಿಗೆ ಬೇಕಿದ್ದದ್ದು ಇಷ್ಟೇ: ತಾನು ಮಾಡಿದ್ದು ತನ್ನದಾಗಲಿ, ಮಾಡದಿದ್ದದ್ದು ತನ್ನ ತಲೆಗೆ ಬರದಿರಲಿ.

ದಸರಾ ಕಳೆದ ಮೇಲೆ ಹೊಸ ಒಳಗಿನ ಪುಟ ಬಂತು. ‘ಅಳಿಸು’ ಬಟನ್ನು ಇದ್ದಲ್ಲೇ ಇತ್ತು. ಲೈನ್ ಕಟ್ಟಾದರೆ ಬರೆದದ್ದು ಈಗಲೂ ಹೋಗುತ್ತಿತ್ತು. ಉಳಿದ ಏಳು ಸಲಹೆಗಳಿಗೆ ಎಳ್ಳು ನೀರು ಬಿಟ್ಟು ಏಳನೆಯದನ್ನು ಮಾತ್ರ ಚಾಚೂ ತಪ್ಪದೆ ಮಾಡಿದ್ದರು. ಅಂಗಡಿಯ ಒಬ್ಬೊಬ್ಬರೂ ಮೊದಲು ‘ನಿಮ್ಮ ಪೂರ್ಣ ವಿವರ’ ಎಂಬ ಜಾಗವನ್ನು ತುಂಬಬೇಕು, ಆಮೇಲೆ ಪಾಸ್‌ವರ್ಡು.

ವೆಂಕಟೇಶ್ ಅಲ್ಲಿ ‘ವೆಂಕಟೇಶ್’ ಎಂದು ಹೊಡೆದು ಎದ್ದುಹೋದ. ಅವನಿಗೆ ಅಷ್ಟು ಸಾಕು. ಜೀವಮಾನದಲ್ಲಿ ಅವನನ್ನು ಯಾರೂ ಅದಕ್ಕಿಂತ ಹೆಚ್ಚು ಕೇಳಿದವರಿಲ್ಲ. ಆಂಜಿನಮ್ಮನ ಕತೆಯೇ ಬೇರೆ. ಒಂದನೇ ಕ್ಲಾಸಿನ ಸ್ಕಾಲರ್‌ಶಿಪ್ಪಿನಿಂದ ಹಿಡಿದು ಹಾಸ್ಟೆಲ್ಲು, ಬಸ್ ಪಾಸು, ಜಾತಿ ಸರ್ಟಿಫಿಕೇಟು, ಡಿಗ್ರಿ ಅರ್ಜಿಯವರೆಗೆ ಎಷ್ಟು ಫಾರಂ ತುಂಬಿದ್ದಳೋ ದೇವರಿಗೇ ಗೊತ್ತು. ಒಂದು ಕಡೆ ಒಂದು ಪದ ಬಿಟ್ಟರೂ ಗುಮಾಸ್ತರು ಮುಖಕ್ಕೆ ಎಸೆಯುತ್ತಿದ್ದರು, ಪೂರ್ತಿ ಬರ್ಕೊಂಡು ಬಾ ಎಂದು. ಪೂರ್ಣ ವಿವರ ಎಂದು ಕಂಡರೆ ಸಾಕು, ಕೈ ತಾನೇ ಬರೆಯುತ್ತಿತ್ತು. ಈಗಲೂ ಹಾಗೇ ಬರೆಯಿತು: ‘ಆಂಜಿನಮ್ಮ, ಬಯ್ಯಪ್ಪನವರ ಮಗಳು, ಎ.ಕೆ. ಕಾಲೋನಿ, ಚಿನ್ನಪ್ಪನಕುಂಟೆ’.

ಅದು ಒಳಗಿನ ಪುಟದಲ್ಲಿ ಮಾತ್ರ ಇರುತ್ತದೆ ಎಂದುಕೊಂಡಿದ್ದಳು. ಕಂಪನಿಯವರು ಹೊರಗಿನ ಪುಟದ ಕೆಳಗೂ ಹಾಕಿದ್ದರು, ‘ಸಿದ್ಧಪಡಿಸಿದವರು’ ಎಂದು, ಪೂರ್ತಿ ಸಾಲು. ಮೊದಲ ಸಲ ನೋಡಿದವಳೇ ಪುಟ ಮುಚ್ಚಿಬಿಟ್ಟಳು. ಎರಡನೇ ಸಲ ನೋಡಿದಳು. ಮೂರನೇ ಸಲ ನೋಡಿದಾಗ, ಏನಾಯಿತು ಈಗ, ಇರುವುದನ್ನೇ ತಾನೇ ಬರೆದಿದ್ದಾರೆ, ಅನ್ನಿಸಿತು. ಅಪ್ಪನ ಹೆಸರು ಇತ್ತಲ್ಲ. ಅದೊಂದೇ ಸಾಲನ್ನು ಎಷ್ಟು ಹೊತ್ತು ನೋಡಿದರೂ ಸಾಕಾಗಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದಳು. ಬಯ್ಯಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ಜೀವನ ಪೂರ್ತಿ ಕಲ್ಲು ಒಡೆದವನು. ರಾತ್ರಿ ಶಾಲೆಯಲ್ಲಿ ಕೂಡಿಸಿ ಕೂಡಿಸಿ ಓದುವುದನ್ನು ಕಲಿತಿದ್ದ.

“ನನ್ನ ಹೆಸ್ರಾ? ಕಂಪ್ಯೂಟರ್‌ನಾಗಾ?”

“ಹೂಂ ಅಪ್ಪ. ಬೆಂಗ್ಳೂರಾಗೂ ಕಾಣಿಸ್ತೈತೆ.”

“ನಮ್ಮ ಕಾಲೋನಿ ಹೆಸ್ರೂನಾ?”

“ಅದೂ ಐತೆ.”

“ಅಬ್ಬಬ್ಬ!” ಎಂದ. ಬಿಡುವು ಮಾಡ್ಕೊಂಡು ಒಂದು ಸಂತೆ ದಿನ ಬಂದು ಕಣ್ಣಾರೆ ನೋಡ್ತೀನಿ ಎಂದು ಕೈ ತೊಳೆದುಕೊಳ್ಳುವಾಗ ಹೇಳಿದ. ಮರುದಿನಕ್ಕೆ ಕಾಲೋನಿಯ ಮನೆಮನೆಗೂ ಸುದ್ದಿ ಮುಟ್ಟಿತ್ತು.

ಇನ್ನು ವರಲಕ್ಷ್ಮಮ್ಮನವರ ವಿಷಯ. ಪೇಟೆ ಬೀದಿಯ ದೊಡ್ಡ ಮನೆಯ ಹೆಂಗಸು, ಮನೆಯಲ್ಲಿ ವರ್ಷಕ್ಕೆ ಮೂರು ಕಾರ್ಯ. ಪ್ರತಿ ಸಲವೂ ತಾವೇ ಬಂದು ಆಂಜಿನಮ್ಮನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೆಸರು ಹೇಳಿ ಬರೆಸುವವರು. ಬರುವಾಗ ಸ್ಟೀಲ್ ಡಬ್ಬಿಯಲ್ಲಿ ಕಜ್ಜಾಯವೋ ಚಕ್ಕುಲಿಯೋ ಇದ್ದೇ ಇರುತ್ತಿತ್ತು. ಇಬ್ಬರೂ ಒಂದೇ ಡಬ್ಬಿಗೆ ಕೈ ಹಾಕಿ ತಿನ್ನುತ್ತ ಕೆಲಸ ಮಾಡುತ್ತಿದ್ದರು. “ನಮ್ಮ ಆಂಜಿನಿ ಬರೆದ್ರೇನೇ ನಂಗೆ ಸಮಾಧಾನ ಕಣಪ್ಪ,” ಎಂದು ನರಸಿಂಹಪ್ಪನವರಿಗೆ ಎಷ್ಟೋ ಸಲ ಹೇಳಿದ್ದರು. ನೀನು ಯಾರ ಪೈಕಿ ಎಂದು ಅವರು ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ. ಒಳ್ಳೆಯವರು, ಕೇಳಬೇಕೆಂದು ಹೊಳೆದಿರಲಿಕ್ಕಿಲ್ಲ ಎಂದುಕೊಂಡಿದ್ದಳು ಹುಚ್ಚು ಹುಡುಗಿ. ನೋಡುವುದಕ್ಕೆ ಹೀಗಿದ್ದಾಳೆ, ಓದಿದ್ದಾಳೆ, ಅಂದಮೇಲೆ ನಮ್ಮಂಥವಳೇ ಇರಬೇಕು ಎಂದು ಅವರು ತಾವಾಗಿಯೇ ತೀರ್ಮಾನಿಸಿದ್ದರು, ಅಷ್ಟೆ.

ಅವರ ಯಜಮಾನರ ಅರವತ್ತನೇ ವರ್ಷದ ಶಾಂತಿಯ ಪುಟ ಆಂಜಿನಮ್ಮನೇ ಮಾಡಿದ್ದು. ಮೇಲೆ ಮನೆದೇವರು, ಮಧ್ಯೆ ಹಿರಿಯರ ಹೆಸರು, ಕೊನೆಗೆ ಆ ಸಾಲು. ಬೆಂಗಳೂರಿನಲ್ಲಿದ್ದ ಭಾವನವರು ನೋಡಿ ಅಲ್ಲಿಂದಲೇ ಫೋನ್ ಮಾಡಿದ್ದರು. ಕಾಲೋನಿ ಅಂದರೆ ಯಾರ ಕೇರಿ ಎಂದು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ವರಲಕ್ಷ್ಮಮ್ಮ ಪ್ರಿಂಟನ್ನು ಮಡಿಸಿ ಹಿಡಿದುಕೊಂಡು ಬಂದರು. ಅವತ್ತು ಕುರ್ಚಿ ಎಳೆದುಕೊಳ್ಳಲಿಲ್ಲ.

“ತಪ್ಪು ತಿಳ್ಕೋಬೇಡಮ್ಮ. ನಂಗೇನೂ ಇಲ್ಲ. ನಮ್ಮ ಭಾವನೋರು ಸ್ವಲ್ಪ ಹಳೇ ಕಾಲದೋರು. ಪೂಜೆ ಕಾರ್ಯ, ಮೇಲೆ ದೇವ್ರಿದ್ದಾನೆ... ಕೆಳಗೆ ಇದೊಂದು ಯಾಕೆ ಅಂತಾರೆ. ತೆಗೆದುಬಿಡಮ್ಮ.”

“ಹಿಂದಿನ ಕಾರ್ಡೆಲ್ಲಾನೂ ನಾನೇ ಮಾಡಿದ್ದಲ್ವಾ ಅಮ್ಮ,” ಎಂದಳು ಆಂಜಿನಮ್ಮ.

“ಆವಾಗ ಗೊತ್ತಿರ್ಲಿಲ್ವಲ್ಲಮ್ಮ.” ಏನೋ ಸಮಾಧಾನ ಹೇಳುವವರ ಹಾಗೇ ಹೇಳಿದರು.

ಹಿಂದಿನ ವಾರ ತಂದಿದ್ದ ಸ್ಟೀಲ್ ಡಬ್ಬಿ ಮೇಜಿನ ಮೇಲೆ ಇತ್ತು. ಆಂಜಿನಮ್ಮ ಅದನ್ನು ಬೆಳಗಿ, ಒರೆಸಿ, ಒಳಗೆ ಒಂದು ಹಿಡಿ ಕಡಲೆಕಾಯಿ ಹಾಕಿ ಇಟ್ಟಿದ್ದಳು. ಬರೀ ಡಬ್ಬಿ ವಾಪಸ್ಸು ಕೊಡಬಾರದಲ್ಲ. ಎತ್ತಿ ಕೊಡಲು ಹೋದಳು.

“ಇರ್ಲಿ ಬಿಡಮ್ಮ,” ಎಂದು ವರಲಕ್ಷ್ಮಮ್ಮ ಒಂದು ಹೆಜ್ಜೆ ಹಿಂದೆ ಸರಿದರು. “ನಮ್ಮನೇಲಿ ಡಬ್ಬಿಗೇನು ಬರ. ನೀನೇ ಇಟ್ಕೋ.”

ಬೈದಿದ್ದರೆ ವಾಸಿಯಿತ್ತು. ಬೈದವರಿಗೆ ತಿರುಗಿ ಬೈಯಬಹುದು, ಹೊಟ್ಟೆಯ ಬೆಂಕಿ ಹೊರಗೆ ಹಾಕಬಹುದು. ಹೊಸ ಸ್ಟೀಲ್ ಡಬ್ಬಿಯನ್ನು ದಾನ ಕೊಟ್ಟು ಹೋದವರಿಗೆ ಏನು ಅನ್ನಬೇಕು? ಎರಡು ವರ್ಷ ತಿಂದ ಕಜ್ಜಾಯವೆಲ್ಲ ಒಂದೇ ಸಲ ಕಹಿಯಾಯಿತು.

ನರಸಿಂಹಪ್ಪನವರು ಅವಳನ್ನು ಒಳಗೆ ಕರೆದರು. “ನಾನು ಜಾತಿಗೀತಿ ನೋಡೋನಲ್ಲಮ್ಮ. ನೋಡಿದ್ರೆ ನಿನ್ನ ಕೆಲ್ಸಕ್ಕೆ ಇಟ್ಕೋತಿದ್ನಾ? ಆದ್ರೆ ಅಂಗಡಿ ನಡೀಬೇಕಲ್ಲ. ಅದ್ಯಾಕಮ್ಮ ವಂಶವೃಕ್ಷ ಎಲ್ಲಾ ಬರೆಯೋಕೆ ಹೋದೆ?”

“ಪೂರ್ಣ ವಿವರ ಅಂತಿತ್ತು ಸಾರ್.”

“ನಮ್ಮ ವೆಂಕಟೇಶ ಬರದ್ನಾ?”

ನರಸಿಂಹಪ್ಪನವರು ಕಂಪನಿಗೆ ಫೋನ್ ಹಚ್ಚಿದರು. ಮ್ಯಾನೇಜರು ಅವಳನ್ನೇ ಲೈನಿಗೆ ಕರೆದರು. “ಸಾರಿ ಮೇಡಂ, ಹೆಸರು ಬದಲಾಯಿಸಕ್ಕೆ ಆಗಲ್ಲ. ಒಂದ್ಸಲ ಬಂದಿದ್ದನ್ನ ಯಾರೂ ತಿದ್ದಬಾರದು ಅಂತ ನೀವೇ ಹೇಳಿದ್ರಲ್ಲ? ಅದಕ್ಕೇ ಲಾಕ್ ಮಾಡಿಟ್ಟಿದೀವಿ. ತುಂಬ ಒಳ್ಳೇ ಸಜೆಶನ್ ಅದು.” ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ.

“ಇನ್ನೊಂದ್ಸಲ ಹೊಸದಾಗಿ, ಬರೀ ಆಂಜಿನಮ್ಮ ಅಂತ ಮಾಡ್ಕೊಡಿ ಸಾರ್,” ಎಂದು ಬೇಡಿಕೊಂಡಳು. ಅದಕ್ಕೆ ಮ್ಯಾನೇಜರು ಏನಾದರೂ ಹೇಳುವ ಮೊದಲೇ ನರಸಿಂಹಪ್ಪನವರು ಫೋನ್ ಕಿತ್ತುಕೊಂಡು ಇಟ್ಟರು.

“ಈಗ ಊರಿಗೆಲ್ಲಾ ಗೊತ್ತಾಗೋಯ್ತಲ್ಲಮ್ಮ. ಅರ್ಧ ಹಾಕಿದ್ರೂ ಅದೇ, ಪೂರ್ತಿ ಹಾಕಿದ್ರೂ ಅದೇ. ಒಂದು ಕೆಲ್ಸ ಮಾಡು. ವೆಂಕಟೇಶನ ಪಾಸ್‌ವರ್ಡ್‌ನಾಗೆ ಹೋಗಿ ಬರಿ. ನಿನ್ನ ಕೆಲ್ಸ ನಿಂಗಿರ್ತದೆ, ಯಾರಿಗೂ ಬೇಜಾರಿರಲ್ಲ.”

ಹೊಸದು ಬಂದ ಮೇಲೆ ಆಂಜಿನಮ್ಮ ಮಾಡಿದ್ದ ಪುಟಗಳು ಹತ್ತೊಂಬತ್ತು. ಹತ್ತೊಂಬತ್ತನ್ನೂ ಒಂದೊಂದಾಗಿ ಅವಳ ಕೈಯಿಂದಲೇ ಅಳಿಸಿ, ವೆಂಕಟೇಶನ ಹೆಸರಿನಲ್ಲಿ ಮೊದಲಿಂದ ಬರೆಯಿಸಿದರು. ಮೂರು ದಿನ ಹಿಡಿಯಿತು. ಮೊದಲಾದರೆ ಅಡ್ಮಿನ್ ಎಂಬ ಹೆಸರಿಲ್ಲದವನ ಹಿಂದೆ ಅವಳಿದ್ದಳು. ಯಾರೋ ಒಬ್ಬರು ಮಾಡಿದ್ದಾರೆ ಎಂದಾದರೂ ಇತ್ತು. ಈಗ ಮಾಡಿದವನು ಯಾರೆಂದು ದಪ್ಪಕ್ಷರದಲ್ಲಿ ಬಂತು, ಅವನು ಪಕ್ಕದ ಕುರ್ಚಿಯಲ್ಲಿ ಕೂತು ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದ. ಬಿಟ್ಟು ಹೋಗಬೇಕು ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು. ಹೋಗಿ ಮಾಡುವುದೇನು, ಚಿಂತಾಮಣಿಯಲ್ಲಿ ಇನ್ನೆಷ್ಟು ಕಂಪ್ಯೂಟರು ಇದ್ದವು?

ಅಪ್ಪನಿಗೆ ಹೇಳಬೇಕೆಂದುಕೊಂಡಳು. ಇವತ್ತು, ನಾಳೆ ಎಂದು ತಳ್ಳುತ್ತ ಬಂದಳು. ಒಂದು ಸಂತೆ ದಿನ ಮಧ್ಯಾಹ್ನ ಬಯ್ಯಪ್ಪ ಬಂದೇಬಿಟ್ಟ, ಗಡ್ಡ ಕೆರೆಸಿಕೊಂಡು, ಯಾರದೋ ಮದುವೆಗೆ ಹೊಲಿಸಿದ್ದ ಬಿಳಿ ಷರಟು ಹಾಕಿಕೊಂಡು. ಚಪ್ಪಲಿ ಬೀದಿಯಲ್ಲೇ ಬಿಟ್ಟು ಬಾಗಿಲಲ್ಲಿ ನಿಂತ.

“ಸ್ವಾಮಿ, ನಮ್ಮ ಹುಡ್ಗಿ ಮಾಡಿರೋದು ಒಂದು ನೋಡ್ಬೇಕಾಗಿತ್ತು.”

ನರಸಿಂಹಪ್ಪನವರು ಬೀಡಾ ಜಗಿಯುತ್ತ ತಲೆ ಆಡಿಸಿದರು. ಆಂಜಿನಮ್ಮ ಲೈನ್ ಸರಿಯಿಲ್ಲ ಎನ್ನಬಹುದಿತ್ತು, ಕರೆಂಟ್ ಇಲ್ಲ ಎನ್ನಬಹುದಿತ್ತು. ಎದುರಿಗೇ ಫ್ಯಾನು ತಿರುಗುತ್ತಿತ್ತು. ಬೇರೆ ದಾರಿ ಕಾಣದೆ ಒಂದು ಗೃಹಪ್ರವೇಶದ ಪುಟ ತೆಗೆದಳು. ಬಯ್ಯಪ್ಪ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ, ದೇವರ ಹೆಸರಿನಿಂದ ಶುರುಮಾಡಿ ಒಂದಕ್ಷರ ಬಿಡದೆ ಓದುತ್ತ ಕೆಳಗಿಳಿದ. ಕೊನೆಯ ಸಾಲಿಗೆ ಬಂದ.

“ಸಿದ್ಧ... ಪಡಿಸಿದವರು... ವೆಂ-ಕ-ಟೇ-ಶ್.” ಮತ್ತೊಂದು ಸಲ ಓದಿದ. “ಯಾರಮ್ಮ ಇದು?”

“ನಾನೇ ಕಣಯ್ಯ,” ಎಂದ ವೆಂಕಟೇಶ್, ಕೂತಲ್ಲಿಂದಲೇ, ಅಪ್ಪನ ವಯಸ್ಸಿನವನಿಗೆ.

ಬಯ್ಯಪ್ಪ ಮಗಳ ಮುಖ ನೋಡಿದ. ಅವಳು ಕೀಬೋರ್ಡು ನೋಡುತ್ತಿದ್ದಳು. ಅವನು ನಿಧಾನವಾಗಿ ವೆಂಕಟೇಶನ ಕಡೆ ತಿರುಗಿ ಎರಡು ಕೈಯನ್ನೂ ಜೋಡಿಸಿದ. “ಬೋ ಚೆನ್ನಾಗಿ ಮಾಡಿದೀರ ಸ್ವಾಮಿ. ನಮ್ಮ ಹುಡ್ಗೀಗೂ ಸ್ವಲ್ಪ ಹೇಳ್ಕೊಡಿ.”

“ಆಯ್ತಾಯ್ತು, ಕಲ್ತ್ಕೋತಾಳೆ ಬಿಡು,” ಎಂದ ವೆಂಕಟೇಶ್.

ಆಂಜಿನಮ್ಮ ಅಪ್ಪನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದಳು. ಬಸ್ಸಿಗೆ ಇನ್ನೂ ಹೊತ್ತಿತ್ತು.

“ಏಮ್ಮಾ,” ಎಂದ, ಅವಳ ಮುಖ ನೋಡದೆ. “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಂಗೆ ಸಂತೋಷ ಆಗ್ಲಿ ಅಂತ ಸುಳ್ಳು ಹೇಳಿದ್ದಾ?”

ನಿಜ ಬಾಯಿಯ ತುದಿಯಲ್ಲೇ ಇತ್ತು. ಹೆಸರು ಇತ್ತಪ್ಪ, ನನ್ನದೂ ಇತ್ತು, ನಿನ್ನದೂ ಇತ್ತು, ಅದನ್ನು ನೋಡಿ ಅಸಹ್ಯ ಪಟ್ಟುಕೊಂಡು ಅಳಿಸಿದರು. ಇಷ್ಟು ಹೇಳಿದರೆ ಅವಳ ಮಾನ ಉಳಿಯುತ್ತಿತ್ತು. ಆದರೆ ಆ ಬಿಳಿ ಷರಟು ಹಾಕಿಕೊಂಡು ಬಂದವನು ಅದನ್ನು ಹೊತ್ತುಕೊಂಡು ಮನೆಗೆ ಹೋಗಬೇಕಾಗುತ್ತಿತ್ತು. ಅಪ್ಪನ ಹೆಸರಿಗೇ ಹೇಸಿದರು ಎಂದು ಅಪ್ಪನಿಗೆ ಹೇಳುವ ಬಾಯಿ ಯಾವ ಮಗಳಿಗಿದೆ?

“ಹೂಂ ಅಪ್ಪ,” ಎಂದಳು. “ಸುಳ್ಳು ಹೇಳ್ದೆ.”

“ಹೋಗ್ಲಿ ಬಿಡು. ಕಾಲೋನಿಯೋರಿಗೆ ನಾನೇ ಏನೋ ಒಂದು ಹೇಳ್ಕೋತೀನಿ,” ಎಂದ. “ಆದ್ರೆ ಇನ್ನೊಬ್ರು ಮಾಡಿದ ಕೆಲ್ಸಾನ ನಂದು ಅನ್ಬಾರ್ದು ಕಣಮ್ಮ. ನಮ್ಮ ಮನೇಲಿ ಯಾರೂ ಹಂಗೆ ಮಾಡಿಲ್ಲ.”

ಬಸ್ಸು ಬಂತು. ಅವನು ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಆಂಜಿನಮ್ಮ ಪ್ರೆಸ್ಸಿಗೆ ವಾಪಸ್ಸು ಹೋದಳು. ಟೊಮೆಟೊ ರೇಟು ಇನ್ನೂ ಹಾಕುವುದಿತ್ತು.